ಲೀಲಾವತಿಯ ಕಣ್ಣೀರು ಇನ್ನು ಸಾಕು

ಹೆಣ್ಣುಮಕ್ಕಳ ಮುಂದೆ ಹೇಳಬಾರದ ಕತೆಯೊಂದಿದೆ. ಅದು ಪೋಲಿ ಕತೆಯಲ್ಲ, ದೆವ್ವದ ಕತೆಯೂ ಅಲ್ಲ. ಶಾಲೆಯ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡ ದೊಡ್ಡವರು ಗಂಭೀರವಾಗಿ ಹೇಳುವ ಕತೆ. ನೀವೆಲ್ಲ ಒಂದಿಲ್ಲೊಂದು ಸಲ ಕೇಳಿಯೇ ಇರುತ್ತೀರಿ.

ಭಾಸ್ಕರಾಚಾರ್ಯರಿಗೆ ಲೀಲಾವತಿ ಎಂಬ ಮಗಳಿದ್ದಳಂತೆ. ಆಕೆಯ ಜಾತಕದಲ್ಲಿ ಮದುವೆಯ ಯೋಗವೇ ಇರಲಿಲ್ಲವಂತೆ. ಜ್ಯೋತಿಷ ಬಲ್ಲ ತಂದೆ ಗುಣಿಸಿ ಎಣಿಸಿ ಒಂದೇ ಒಂದು ಶುಭ ಗಳಿಗೆಯನ್ನು ಹುಡುಕಿ ತೆಗೆದರಂತೆ. ಆ ಗಳಿಗೆ ತಪ್ಪಬಾರದೆಂದು ನೀರು ತುಂಬಿದ ಪಾತ್ರೆಯಲ್ಲಿ ತಳಕ್ಕೆ ಸಣ್ಣ ತೂತಿದ್ದ ಗಳಿಗೆ ಬಟ್ಟಲನ್ನು ತೇಲಿಬಿಟ್ಟರು. ಅದು ತುಂಬಿ ಮುಳುಗಿದ ಕ್ಷಣವೇ ಮುಹೂರ್ತ. ಕುತೂಹಲ ತಡೆಯದೆ ಹುಡುಗಿ ಬಗ್ಗಿ ನೋಡಿದಳು. ಮೈಮೇಲಿನ ಒಡವೆಯಿಂದ ಒಂದು ಮುತ್ತು ಜಾರಿ ಬಟ್ಟಲಿಗೆ ಬಿದ್ದು ತೂತು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿ ಹೋಯಿತು, ಮದುವೆ ನಿಂತಿತು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮದುವೆಯಾಯಿತು, ಆದರೆ ಬೇಗನೆ ವಿಧವೆಯಾದಳು ಎನ್ನುತ್ತಾರೆ. ಅಳುತ್ತ ಕುಳಿತ ಮಗಳನ್ನು ಸಂತೈಸಲು ತಂದೆ ಆಕೆಯ ಹೆಸರಿನಲ್ಲಿ ಒಂದು ಗಣಿತ ಗ್ರಂಥ ಬರೆದರು. ಇಷ್ಟೇ ಕತೆ. ಸಭಿಕರು ನಿಟ್ಟುಸಿರು ಬಿಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ.

ಈ ಕತೆಯ ಬಗ್ಗೆ ನನ್ನ ತಕರಾರು ಎರಡು. ಒಂದು, ಅದು ಭಾಸ್ಕರಾಚಾರ್ಯರ ಗ್ರಂಥದಲ್ಲಿ ಇಲ್ಲ. ಎರಡು, ಇದ್ದಿದ್ದರೂ ಅದನ್ನು ಹುಡುಗಿಯರಿಗೆ ಈ ಬಗೆಯಲ್ಲಿ ಹೇಳುವುದು ಅನ್ಯಾಯ.

ಮೊದಲನೆಯದನ್ನು ನೋಡೋಣ. ಭಾಸ್ಕರಾಚಾರ್ಯರು ಹುಟ್ಟಿದ್ದು ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರ, ಅವರೇ ಗುರು ಕೂಡ. 36ನೆಯ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ಅಂಕಗಣಿತದ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ, ಹೀಗೆ ನಾಲ್ಕು ಭಾಗ. ತಮ್ಮ ಊರು ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಇತ್ತ ಕಡೆಯವರ ವಾದ. ಅಲ್ಲ, ಚಾಳೀಸಗಾಂವದ ಹತ್ತಿರದ ಪಾಟಣ ಸೀಮೆ ಎಂದು ಮಹಾರಾಷ್ಟ್ರದವರ ವಾದ. ಆ ಪಾಟಣದಲ್ಲಿ 1207ರ ಸುಮಾರಿನ ಒಂದು ಶಾಸನವಿದೆ. ಭಾಸ್ಕರಾಚಾರ್ಯರ ಮೊಮ್ಮಗ ಚಂಗದೇವ, ಅಜ್ಜನ ಗ್ರಂಥಗಳನ್ನು ಪಾಠ ಹೇಳುವುದಕ್ಕೆಂದೇ ಒಂದು ಮಠವನ್ನು ಸ್ಥಾಪಿಸಿದ್ದನ್ನು ಅದು ಹೇಳುತ್ತದೆ. ಅಂದರೆ ಈ ಮನೆತನ ನಾಲ್ಕೈದು ತಲೆಮಾರು ಗಣಿತ ಕಲಿಸಿದ ಮನೆತನ. ಭಾಸ್ಕರಾಚಾರ್ಯರನ್ನು ಇಂದಿನ ಮಾತಿನಲ್ಲಿ ಗಣಿತದ ಪ್ರಾಧ್ಯಾಪಕರು, ಪಠ್ಯಪುಸ್ತಕದ ಕರ್ತೃ ಎನ್ನಲು ಅಡ್ಡಿಯಿಲ್ಲ. ಅವರ ಪುಸ್ತಕ ನಮ್ಮ ದೇಶದಲ್ಲಿ ಶತಮಾನಗಳ ಕಾಲ ಪಾಠಕ್ಕೆ ನಡೆಯಿತು. ಅಷ್ಟು ಬಾಳಿಕೆ ಬಂದ ಪಠ್ಯಪುಸ್ತಕ ಜಗತ್ತಿನಲ್ಲಿ ಕೆಲವೇ.

ಇಂಥ ಪುಸ್ತಕದೊಳಗೆ ಜಾತಕವಿಲ್ಲ, ಗಳಿಗೆ ಬಟ್ಟಲಿಲ್ಲ, ಮುತ್ತಿಲ್ಲ, ಮುರಿದ ಮದುವೆಯಿಲ್ಲ. ಲೀಲಾವತಿ ಎಂಬ ಹೆಸರಿದೆ. ಲೆಕ್ಕ ಕೇಳುವಾಗ ಒಬ್ಬ ಜಾಣ ಹುಡುಗಿಯನ್ನು ಕರೆದು ಮಾತಾಡಿಸುವ ರೀತಿಯಿದೆ. ಆಕೆ ಮಗಳು ಎಂದು ಎಲ್ಲಿಯೂ ಇಲ್ಲ. ಮುತ್ತಿನ ಕತೆ ಕಾಣಿಸುವುದು ಅಕ್ಬರ ಬಾದಶಹನ ಅಪ್ಪಣೆಯಂತೆ ಕವಿ ಫೈಜಿ 1587ರಲ್ಲಿ ಮಾಡಿದ ಪಾರ್ಸಿ ಅನುವಾದದ ಮುನ್ನುಡಿಯಲ್ಲಿ. ಗ್ರಂಥಕ್ಕೂ ಕತೆಗೂ ನಡುವೆ 437 ವರ್ಷಗಳ ಅಂತರ. ಆಮೇಲೆ ಇಂಗ್ಲಿಷರು ಅದನ್ನು ಎತ್ತಿಕೊಂಡರು, ಅವರಿಂದ ನಾವು ಎತ್ತಿಕೊಂಡೆವು. ತಂದೆ ಹುಟ್ಟಿದ ಊರು ಯಾವುದೆಂದು ಎರಡು ರಾಜ್ಯಗಳವರು ಶಾಸನ ಹಿಡಿದು ಜಗ್ಗಾಡಿದ್ದಾರೆ. ಹುಡುಗಿಯ ಕತೆಗೆ ಮಾತ್ರ ಯಾರೂ ಪುರಾವೆ ಕೇಳಲಿಲ್ಲ. ಹೆಣ್ಣಿನ ದುಃಖಕ್ಕೆ ಸಾಕ್ಷಿ ಬೇಕಿಲ್ಲ, ಕೇಳಿದ ಕೂಡಲೇ ನಂಬುತ್ತೇವೆ.

ಈಗ ಎರಡನೆಯ ತಕರಾರು. ಈ ಕತೆ ಹುಡುಗಿಗೆ ಏನು ಕಲಿಸುತ್ತದೆ? ಬಗ್ಗಿ ನೋಡಿದ್ದು ತಪ್ಪು ಎಂದು ಕಲಿಸುತ್ತದೆ. ನೀರು ಹೇಗೆ ಏರುತ್ತದೆ, ಬಟ್ಟಲು ಯಾವಾಗ ಮುಳುಗುತ್ತದೆ ಎಂದು ನೋಡುವ ಆಸೆ ವಿಜ್ಞಾನದ ಮೊದಲ ಹೆಜ್ಜೆ. ಕತೆಯಲ್ಲಿ ಅದೇ ಅಪರಾಧ, ಅದಕ್ಕೆ ಶಿಕ್ಷೆ ಮುರಿದ ಮದುವೆ. ಎರಡನೆಯದಾಗಿ, ಗಣಿತವೆಂದರೆ ಮದುವೆಯಾಗದವಳಿಗೆ ಕೊಡುವ ಸಮಾಧಾನದ ಬಹುಮಾನ ಎಂದು ಕಲಿಸುತ್ತದೆ. ಗಂಡ ಸಿಕ್ಕಿದ್ದರೆ ಪುಸ್ತಕದ ಅಗತ್ಯ ಬೀಳುತ್ತಿರಲಿಲ್ಲ ಎಂಬ ಅರ್ಥ ಅದರೊಳಗೆ ಅಡಗಿ ಕೂತಿದೆ. ಒಬ್ಬ ಹುಡುಗನ ಬಗ್ಗೆ ಇಂಥ ಕತೆ ಹೇಳಿ ನೋಡಿ. ಲಗ್ನ ಮುರಿದದ್ದಕ್ಕೆ ಅಪ್ಪ ಇವನಿಗೆ ಬೀಜಗಣಿತ ಕಲಿಸಿದ ಎಂದರೆ ಸಭೆ ನಗುತ್ತದೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ 22ರಂದು, ರಾಮಾನುಜನ್ ಹುಟ್ಟಿದ ದಿನವಾದ ರಾಷ್ಟ್ರೀಯ ಗಣಿತ ದಿನಾಚರಣೆಯಲ್ಲಿ, ಅತಿಥಿಗಳೊಬ್ಬರು ಈ ಕತೆಯನ್ನು ಬಹಳ ರಸವತ್ತಾಗಿ ಹೇಳಿದರು. ಕಾರ್ಯಕ್ರಮ ಮುಗಿದ ಮೇಲೆ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, “ಅಕ್ಕಾರ, ಆಕೀಗೆ ಆ ಲೆಕ್ಕ ಬಂದ್ವೇನ್ರಿ?” ಎಂದು ಕೇಳಿದಳು. ಯೋಚಿಸಿ ನೋಡಿ. ನೂರಾರು ವರ್ಷ ಈ ಕತೆ ಹೇಳಿದವರಲ್ಲಿ ಒಬ್ಬರಾದರೂ ಇದನ್ನು ಹೇಳಿದ್ದಾರೆಯೆ? ಲೀಲಾವತಿ ಅತ್ತಳು ಎನ್ನುತ್ತಾರೆ. ಲೆಕ್ಕ ಬಿಡಿಸಿದಳು ಎಂದು ಯಾರೂ ಹೇಳುವುದಿಲ್ಲ.

ಪುಸ್ತಕ ತೆರೆದರೆ ಬಿಡಿಸಲು ಎಂಥೆಂಥ ಲೆಕ್ಕಗಳಿವೆ! ಒಂಬತ್ತು ಮೊಳದ ಕಂಬದ ಮೇಲೆ ನವಿಲು ಕೂತಿದೆ. ಕಂಬದ ಬುಡದಲ್ಲಿ ಹಾವಿನ ಹುತ್ತ. ಇಪ್ಪತ್ತೇಳು ಮೊಳ ದೂರದಿಂದ ಹಾವು ಹುತ್ತದ ಕಡೆಗೆ ಬರುತ್ತಿದೆ. ನವಿಲು ಓರೆಯಾಗಿ ಹಾರಿ ಎರಗುತ್ತದೆ. ಇಬ್ಬರೂ ಕ್ರಮಿಸಿದ ದೂರ ಸಮ. ಹಾಗಾದರೆ ಹುತ್ತದಿಂದ ಎಷ್ಟು ದೂರದಲ್ಲಿ ಹಾವು ಸಿಕ್ಕಿತು? ಉತ್ತರ 12 ಮೊಳ; ಇಬ್ಬರೂ ಸಾಗಿದ್ದು ತಲಾ 15. ಇನ್ನೊಂದು ಲೆಕ್ಕ ದುಂಬಿಗಳದು. ಹಿಂಡಿನ ಅರ್ಧದ ವರ್ಗಮೂಲದಷ್ಟು ಮಾಲತಿ ಹೂವಿಗೆ ಹೋದವು, ಒಂಬತ್ತರಲ್ಲಿ ಎಂಟು ಪಾಲು ಬೇರೆ ಕಡೆ ಹೋದವು, ಉಳಿದದ್ದು ತಾವರೆಯೊಳಗೆ ಸಿಕ್ಕಿಬಿದ್ದ ಗಂಡು ದುಂಬಿ ಮತ್ತು ಅದಕ್ಕೆ ಓಗೊಡುತ್ತ ಹೊರಗೆ ಸುತ್ತುವ ಹೆಣ್ಣು ದುಂಬಿ. ಒಟ್ಟು 72. ನಾನು ಈ ಲೆಕ್ಕಗಳನ್ನು ಹುಡುಗಿಯರಿಗೆ ಕೊಟ್ಟು ನೋಡಿದ್ದೇನೆ. ಮುತ್ತಿನ ಕತೆ ಕೇಳಿ ಮುಖ ಬಾಡಿಸಿಕೊಂಡವರೇ ನವಿಲು ಹಾವಿನ ಚಿತ್ರ ಬರೆದು ಪೈಥಾಗೊರಸ್ ಪ್ರಮೇಯ ಹಚ್ಚಿ ಜಗಳಾಡಿಕೊಂಡು ಬಿಡಿಸುತ್ತಾರೆ.

ಆದರೆ ಪುಸ್ತಕವನ್ನು ತೆರೆಯುವುದಾದರೆ ಪೂರ್ತಿ ತೆರೆಯಬೇಕು. ಅದೇ ಲೀಲಾವತಿಯಲ್ಲಿ ವ್ಯಸ್ತ ತ್ರೈರಾಶಿ, ಅಂದರೆ ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವ ಲೆಕ್ಕಕ್ಕೆ ಒಂದು ಉದಾಹರಣೆ ಇದೆ. ಹದಿನಾರು ವರ್ಷದ ದಾಸಿಗೆ 32 ನಿಷ್ಕ ಬೆಲೆಯಾದರೆ ಇಪ್ಪತ್ತು ವರ್ಷದವಳಿಗೆ ಎಷ್ಟು? ಉತ್ತರ 25 ಮತ್ತು ಐದರಲ್ಲಿ ಮೂರು ಪಾಲು. ಅದೇ ಶ್ಲೋಕದಲ್ಲಿ ಎರಡು ವರ್ಷ ದುಡಿದ ಎತ್ತಿನ ಬೆಲೆಯಿಂದ ಆರು ವರ್ಷ ದುಡಿದ ಎತ್ತಿನ ಬೆಲೆ ಕೇಳಿದ್ದಾರೆ. ಹೆಣ್ಣಿಗೂ ಎತ್ತಿಗೂ ಒಂದೇ ಸೂತ್ರ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಅಂಥ ಮಹಾನುಭಾವರಿಗೆ ಕಳಂಕ ಹಚ್ಚುತ್ತೀರಾ ಎನ್ನುತ್ತಾರೆ. ಕಳಂಕದ ಮಾತಲ್ಲ. ಪಠ್ಯಪುಸ್ತಕವೆಂಬುದು ಬರೆದವರ ಕಾಲದ ಸಂತೆ, ಮನೆ, ಕೊಟ್ಟಿಗೆಗಳನ್ನೆಲ್ಲ ತನ್ನೊಳಗೆ ತರುತ್ತದೆ. ಹನ್ನೆರಡನೆಯ ಶತಮಾನದ ಸಂತೆಯಲ್ಲಿ ಹೆಣ್ಣಿಗೆ ವಯಸ್ಸು ಏರಿದಂತೆ ಬೆಲೆ ಇಳಿಯುತ್ತಿತ್ತು. ಇಪ್ಪತ್ತೈದು ದಾಟಿದ ಮಗಳ ಬಗ್ಗೆ ನೆಂಟರಿಷ್ಟರು ಆಡುವ ಮಾತು ಕೇಳಿ, ಆ ವ್ಯಸ್ತ ತ್ರೈರಾಶಿ ಇಂದಿಗೂ ನಮ್ಮ ಪಡಸಾಲೆಯಲ್ಲಿ ನಡೆದೇ ಇದೆ. ಅದಕ್ಕೇ ಹೇಳುತ್ತೇನೆ, ಪುಸ್ತಕ ಬರೆಯುವವರು ಯಾರು ಎಂಬುದು ನಮಗೆ ಸಂಬಂಧಪಟ್ಟ ವಿಷಯ.

ಅಳುವ ಲೀಲಾವತಿಯ ಕತೆ ಬೇಡವೆಂದರೆ ಜನ ತಕ್ಷಣ ಇನ್ನೊಂದು ತುದಿಗೆ ಜಿಗಿಯುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಬಾಯಲ್ಲೇ ಗುಣಿಸಿ ಹೇಳಿದ್ದನ್ನು ನೆನಪಿಸುತ್ತಾರೆ. ಅದು ನಮ್ಮ ಹೆಮ್ಮೆಯೇ. ಆದರೆ ಪವಾಡವನ್ನು ತೋರಿಸಿ ಹುಡುಗಿಗೆ ಏನು ಹೇಳುತ್ತಿದ್ದೇವೆ? ಗಣಿತ ಬರಬೇಕಾದರೆ ದೈವದತ್ತವಾಗಿ ಬರಬೇಕು, ನಿನಗೆ ಬಂದಿಲ್ಲ, ಸುಮ್ಮನಿರು ಎಂದೇ ಅಲ್ಲವೆ? ಒಂದು ಕಡೆ ಕಣ್ಣೀರು, ಇನ್ನೊಂದು ಕಡೆ ಪವಾಡ. ದಿನಕ್ಕೆ ಹತ್ತು ಲೆಕ್ಕ ಮಾಡಿ, ನಾಲ್ಕು ತಪ್ಪಿ, ಮರುದಿನ ಮತ್ತೆ ಕೂತು ಸರಿಮಾಡುವ ಸಾಮಾನ್ಯ ಹುಡುಗಿಗೆ ಎರಡರಲ್ಲೂ ಜಾಗವಿಲ್ಲ.

ಆ ಜಾಗ ಇರುವ ನಿಜವಾದ ಬದುಕುಗಳು ನಮ್ಮ ಸುತ್ತಲೇ ಇವೆ. ಮಂಗಳಾ ನಾರಳೀಕರ ಅವರದನ್ನು ತೆಗೆದುಕೊಳ್ಳಿ. 1943ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು. 1964ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಗಣಿತ ಎಂ.ಎ.ಯಲ್ಲಿ ಕುಲಪತಿಗಳ ಚಿನ್ನದ ಪದಕ ಪಡೆದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದರು. 1965ರಲ್ಲಿ ಖಗೋಲ ವಿಜ್ಞಾನಿ ಜಯಂತ ನಾರಳೀಕರರೊಂದಿಗೆ ಮದುವೆಯಾಯಿತು. ಕೇಂಬ್ರಿಜ್‌ಗೆ ಹೋದರು, ಅಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಮಕ್ಕಳಾದರು, ಮರಳಿ ಬಂದು ಅತ್ತೆ ಮಾವಂದಿರ ಜೊತೆ ಸಂಸಾರ ಮಾಡಿದರು. ಪಿಎಚ್.ಡಿ. ಬಂದದ್ದು 1981ರಲ್ಲಿ, ಮದುವೆಯಾಗಿ ಹದಿನಾರು ವರ್ಷಗಳ ಮೇಲೆ, ಸಂಖ್ಯಾಸಿದ್ಧಾಂತದಲ್ಲಿ. ಮುಂಬಯಿ, ಪುಣೆ ವಿಶ್ವವಿದ್ಯಾಲಯಗಳಲ್ಲಿ ಕಲಿಸಿದರು, ಮಕ್ಕಳಿಗಾಗಿ ಮರಾಠಿಯಲ್ಲಿ ಗಣಿತದ ಪುಸ್ತಕ ಬರೆದರು, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಗಣಿತ ಸಮಿತಿಯ ಅಧ್ಯಕ್ಷೆಯಾದರು. 2023ರ ಜುಲೈಯಲ್ಲಿ ಪುಣೆಯಲ್ಲಿ ತೀರಿಕೊಂಡರು.

ಇವರ ಬದುಕನ್ನು ಹೊಗಳುವವರು ಸಾಮಾನ್ಯವಾಗಿ ಹೊಗಳುವುದು ಏನನ್ನು? ಮನೆಯನ್ನೂ ಸಂಭಾಳಿಸಿದರು, ಓದನ್ನೂ ಸಂಭಾಳಿಸಿದರು, ಎಂಥ ಆದರ್ಶ ಗೃಹಿಣಿ ಎಂದು. ನನಗೆ ಈ ಹೊಗಳಿಕೆ ಹಿಡಿಸುವುದಿಲ್ಲ. ತನ್ನ ಪೀಳಿಗೆಯ ಓದಿದ ಹೆಂಗಸರ ಹಾಗೆ ತಾನೂ ಮನೆಯ ಹೊಣೆಯನ್ನು ಮುಂದಿಟ್ಟು ಸ್ವಂತ ವೃತ್ತಿಯನ್ನು ಹಿಂದಿಟ್ಟೆ ಎಂಬ ಮಾತನ್ನು ಅವರೇ ಬರೆದಿದ್ದಾರೆ. ಚಿನ್ನದ ಪದಕ ಪಡೆದ ಒಬ್ಬ ಗಂಡಸಿಗೆ ಪಿಎಚ್.ಡಿ.ಗೆ ಹದಿನೇಳು ವರ್ಷ ಹಿಡಿದಿದ್ದರೆ ಅಯ್ಯೋ ಎನ್ನುತ್ತಿದ್ದೆವು. ಹೆಂಗಸಿಗೆ ಹಿಡಿದರೆ ಆದರ್ಶ ಎನ್ನುತ್ತೇವೆ. ಆ ವರ್ಷಗಳು ಆಕೆಯ ಕೊರಳ ಆಭರಣವಲ್ಲ. ನಾವೆಲ್ಲ ಸೇರಿ ಆಕೆಯಿಂದ ವಸೂಲಿ ಮಾಡಿದ ತೆರಿಗೆ. ಅದನ್ನು ಕೊಟ್ಟೂ ಅವರು ಗಣಿತಕ್ಕೆ ಮರಳಿದರಲ್ಲ, ಹೊಗಳಬೇಕಾದದ್ದು ಆ ಹಟವನ್ನು.

ಆ ಹಟ ಕೊನೆಯವರೆಗೂ ಇತ್ತು. ಮರಾಠಿಯಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ’ ಎನ್ನುತ್ತಾರೆ, ಅಂದರೆ ಮೊದಲು ಒಂದು, ಆಮೇಲೆ ಇಪ್ಪತ್ತು. ಬರೆಯುವಾಗ ಮಾತ್ರ ಮೊದಲು 2, ಆಮೇಲೆ 1. ಸಣ್ಣ ಮಕ್ಕಳು ಕೇಳಿದ್ದನ್ನು ಬರೆಯುವಾಗ 12, 21 ಎಂದು ತಿರುವುಮುರುವು ಮಾಡುತ್ತಾರೆ. ಅದಕ್ಕಾಗಿ 2019ರ ಎರಡನೆಯ ಇಯತ್ತೆಯ ಪುಸ್ತಕದಲ್ಲಿ ‘ವೀಸ ಏಕ’ ಎಂದು ಹೇಳುವ ಕ್ರಮವನ್ನೂ ಕಲಿಸಲು ಸಮಿತಿ ಮುಂದಾಯಿತು. ಮಹಾರಾಷ್ಟ್ರದಲ್ಲಿ ಗದ್ದಲವೆದ್ದಿತು. ಭಾಷೆ ಕೆಟ್ಟಿತು ಎಂದರು, ಗೇಲಿ ಮಾಡಿದರು, ವಿಧಾನಸಭೆಯವರೆಗೂ ಮಾತು ಹೋಯಿತು. ಎಪ್ಪತ್ತಾರು ವರ್ಷದ ಈ ಹೆಂಗಸು ಸಣ್ಣ ಮಗುವಿನ ಕಷ್ಟವನ್ನು ಹಿಡಿದು ಸಮಾಧಾನವಾಗಿ ಉತ್ತರ ಕೊಟ್ಟರು. ಸಂಖ್ಯಾಸಿದ್ಧಾಂತ ಓದಿದವರಿಗೆ ಇಪ್ಪತ್ತೊಂದರ ಉಚ್ಚಾರ ಸಣ್ಣ ವಿಷಯವೆನಿಸಬಹುದಿತ್ತು, ಅವರಿಗೆ ಅನಿಸಲಿಲ್ಲ.

ನಮ್ಮ ಕನ್ನಡದ ಅದೃಷ್ಟ ನೋಡಿ. ಇಪ್ಪತ್ತು, ಒಂದು, ಇಪ್ಪತ್ತೊಂದು. ತೊಂಬತ್ತು, ಒಂಬತ್ತು, ತೊಂಬತ್ತೊಂಬತ್ತು. ಅಷ್ಟೇಕೆ, ಹನ್ನೊಂದು ಹನ್ನೆರಡರಲ್ಲೂ ಹತ್ತು ಮೊದಲು, ಬಿಡಿ ಆಮೇಲೆ. ಬರೆದಂತೆ ಹೇಳುತ್ತೇವೆ, ಹೇಳಿದಂತೆ ಬರೆಯುತ್ತೇವೆ. ಅವರು ಜಗಳಾಡಿ ತರಲು ಹೊರಟದ್ದು ನಮ್ಮ ಮಕ್ಕಳಿಗೆ ತೊಟ್ಟಿಲಲ್ಲೇ ಸಿಗುತ್ತದೆ. ಇಷ್ಟಿದ್ದೂ ಹೆಣ್ಣುಮಕ್ಕಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದರೆ ದೋಷ ತಲೆಯಲ್ಲಿಲ್ಲ, ಹೇಳುವ ನಾಲಿಗೆಯಲ್ಲಿದೆ.

ಕನ್ನಡ ನಾಡಿಗೆ ಗಣಿತ ಹೊಸತೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಜ್ಯೋತಿಷದ ಬಾಲವಾಗಿ ಅಲ್ಲದೆ ಬರೀ ಗಣಿತಕ್ಕೆಂದೇ ಬರೆದ ಪಠ್ಯ ಅದು. ಆರಂಭದಲ್ಲಿ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಪಟ್ಟಿ ಕೊಡುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ಇವುಗಳ ನಡುವೆ ಸೂಪಶಾಸ್ತ್ರ, ಅಂದರೆ ಅಡುಗೆಯೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲೇ ಬರೆದ. ಗಣಿತಕ್ಕೆ ಕನ್ನಡ ಸಾಲದು ಎನ್ನುವವರು ಈ ಹೆಸರನ್ನು ಕೇಳಿಲ್ಲ. ಮಹಾವೀರಾಚಾರ್ಯರ ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅದಕ್ಕೆ ಕನ್ನಡ ಅನುವಾದ ಮಾಡಿ, ಟಿಪ್ಪಣಿ ಬರೆದು, 2000ದಲ್ಲಿ ಹೊಂಬುಜದಿಂದ ಹೊರತಂದವರು ಮೈಸೂರು ವಿಶ್ವವಿದ್ಯಾಲಯದ ಗಣಿತ ವಿಭಾಗದ ಡಾ. ಪದ್ಮಾವತಮ್ಮ. ಒಬ್ಬ ಹೆಂಗಸು. ಸಾವಿರದ ನೂರೈವತ್ತು ವರ್ಷಗಳ ಹಿಂದೆ ಕನ್ನಡ ಅರಸನ ಆಳ್ವಿಕೆಯಲ್ಲಿ ಹುಟ್ಟಿದ ಗಣಿತದ ಪುಸ್ತಕವನ್ನು ಕನ್ನಡಕ್ಕೆ ತಂದುಕೊಟ್ಟದ್ದು ಒಬ್ಬ ಗಣಿತ ಪ್ರಾಧ್ಯಾಪಕಿ ಎಂಬುದನ್ನು ಯಾವ ಗಣಿತ ದಿನಾಚರಣೆಯಲ್ಲಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿಲ್ಲ. ಮುತ್ತು ಬಿದ್ದದ್ದನ್ನು ಮಾತ್ರ ಪ್ರತಿ ವರ್ಷ ಕೇಳಿದ್ದೇನೆ.

ನೀವು ಬಿ.ಎ. ಬಿ.ಇಡಿ. ಮಾಡಿದವರು, ಕನ್ನಡ ಮತ್ತು ಸಮಾಜ ಕಲಿಸುವವರು, ಗಣಿತದ ಉಸಾಬರಿ ನಿಮಗೇಕೆ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದಾರೆ. ಉತ್ತರ ಸರಳ. ಪಾಲಕರ ಸಭೆಯಲ್ಲಿ ತಾಯಂದಿರು ಮನಸ್ಸು ಬಿಚ್ಚಿ ಮಾತಾಡುವುದು ನನ್ನಂಥವಳ ಹತ್ತಿರ. ಅವರು ಆಡುವ ಮಾತು ವರ್ಷವರ್ಷವೂ ಒಂದೇ. “ಈಕೀಗೆ ಲೆಕ್ಕ ಹತ್ತೂದಿಲ್ರಿ ಅಕ್ಕಾರ. ನನಗೂ ಬರ್ತಿದ್ದಿಲ್ಲ. ನಮ್ಮ ಮನ್ಯಾಗ ಹೆಣಮಕ್ಕಳಿಗೆ ಯಾರಿಗೂ ಬರೂದಿಲ್ಲ.” ಮಗಳು ಪಕ್ಕದಲ್ಲೇ ನಿಂತಿರುತ್ತಾಳೆ. ತಾಯಿ ನಗುತ್ತ ಹೇಳುತ್ತಾಳೆ, ಮಗಳೂ ನಗುತ್ತಾಳೆ. ಅಲ್ಲಿಗೆ ತೀರ್ಮಾನವಾಯಿತು. ಕಣ್ಣಿನ ಬಣ್ಣದ ಹಾಗೆ, ಸಕ್ಕರೆ ಕಾಯಿಲೆಯ ಹಾಗೆ, ಗಣಿತ ಬಾರದಿರುವುದೂ ತವರಿನಿಂದ ಬಂದ ಬಳುವಳಿಯಾಯಿತು.

ಈ ಮಾತನ್ನು ಗಂಡಸರು ಆಡಿದ್ದರೆ ನನ್ನ ಕೆಲಸ ಸುಲಭವಿತ್ತು, ಬೈದುಬಿಡುತ್ತಿದ್ದೆ. ಆಡುವವರು ನಾವೇ, ತಾಯಂದಿರು, ಚಿಕ್ಕಮ್ಮಂದಿರು, ಅಜ್ಜಿಯರು. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಯಾರಾದರೂ ಎದುರಿಗೆ ಅಂದರೆ ಜಗಳಕ್ಕೆ ನಿಲ್ಲುವ ನಾವು, ಅದನ್ನೇ ಬೇರೆ ಮಾತಿನಲ್ಲಿ ಮಗಳಿಗೆ ಕೈಯಾರೆ ಉಣಿಸುತ್ತೇವೆ. ಮಗನಿಗೆ ಗಣಿತದಲ್ಲಿ ಕಡಿಮೆ ಬಂದರೆ ಅಭ್ಯಾಸ ಸಾಲದು ಎನ್ನುತ್ತೇವೆ. ಮಗಳಿಗೆ ಕಡಿಮೆ ಬಂದರೆ ಆಕೆಯ ಹಣೆಬರಹ ಎನ್ನುತ್ತೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಹುಡುಗಿಯರದೇ ಮೇಲುಗೈ ಎಂದು ಪತ್ರಿಕೆಗಳು ವರ್ಷವರ್ಷವೂ ಬರೆಯುತ್ತವೆ. ಆಮೇಲೆ ಆ ಮೇಲುಗೈ ಎಲ್ಲಿಗೆ ಹೋಯಿತು ಎಂದು ಯಾರೂ ಬೆನ್ನು ಹತ್ತುವುದಿಲ್ಲ. ಗಣಿತದಲ್ಲಿ ಎಂಬತ್ತರ ಮೇಲೆ ತೆಗೆದ ಹುಡುಗಿಯನ್ನು, ವಿಜ್ಞಾನದ ಕಾಲೇಜು ದೂರ, ಬಸ್ಸು ಇಲ್ಲ, ಹೇಗೂ ಕೊಟ್ಟ ಮನೆಗೆ ಹೋಗುವವಳು ಎಂದು ಪಿ.ಯು.ಸಿ.ಯಲ್ಲಿ ಗಣಿತ ಬಿಡಿಸಿದ್ದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಕಡಿಮೆ ತೆಗೆದ ಆಕೆಯ ತಮ್ಮ ಹುಬ್ಬಳ್ಳಿಗೆ ಹೋಗಿ ರೂಮು ಮಾಡಿಕೊಂಡು ಓದಿದ.

ನಮ್ಮ ಕಲಘಟಗಿ ತೊಟ್ಟಿಲಿಗೆ ಹೆಸರಾದ ಊರು. ಇಲ್ಲಿಯ ಚಿತ್ರಗಾರ ಮನೆತನದವರು ಮಾಡುವ ಬಣ್ಣದ ಮರದ ತೊಟ್ಟಿಲು ಎಲ್ಲೆಲ್ಲಿಗೋ ಹೋಗುತ್ತದೆ. ಮಗಳ ಬಾಣಂತನಕ್ಕೆ ಆ ತೊಟ್ಟಿಲು ಬೇಕೆಂದು ಸಾವಿರಗಟ್ಟಲೆ ರೂಪಾಯಿ ಹೊಂದಿಸುವ ತಂದೆತಾಯಿ ಇದ್ದಾರೆ. ಬೇಡವೆನ್ನುವುದಿಲ್ಲ, ಆ ಕಲೆ ಬಾಳಬೇಕು. ಆದರೆ ಅದೇ ಮಗಳು ಹತ್ತನೆಯ ಇಯತ್ತೆಯಲ್ಲಿದ್ದಾಗ ಮೂರು ತಿಂಗಳ ಗಣಿತದ ಪಾಠಕ್ಕೆ ದುಡ್ಡು ಕೇಳಿದರೆ ಕೈ ಬಿಗಿಯಾಗುವುದೇಕೆ?

ಇನ್ನು ಕೆಲವರು ನಯವಾಗಿ ಬಾಯಿ ಮುಚ್ಚಿಸುತ್ತಾರೆ. ಹೆಂಗಸರಿಗೆ ಗಣಿತ ರಕ್ತದಲ್ಲೇ ಇದೆ, ರಂಗೋಲಿಯ ಚುಕ್ಕಿ ನೋಡಿ, ಕಸೂತಿ ನೋಡಿ ಎನ್ನುತ್ತಾರೆ. ಮಾತು ಸುಳ್ಳಲ್ಲ. ಹದಿನೈದರಿಂದ ಎಂಟಕ್ಕೆ ಇಳಿಯುವ ಸಂದು ಚುಕ್ಕಿಯ ರಂಗೋಲಿಯಲ್ಲಿ ಒಟ್ಟು 169 ಚುಕ್ಕಿ, ಅಂದರೆ ಹದಿಮೂರರ ವರ್ಗ. ನಮ್ಮ ಧಾರವಾಡದ ಕಸೂತಿಯಲ್ಲಿ ಗವಂತಿ ಹೊಲಿಗೆಯವಳು ಬಟ್ಟೆಯ ಎಳೆ ಎಣಿಸುತ್ತ ಹೋಗಿ, ಹೋದ ದಾರಿಯಲ್ಲೇ ಮರಳಿ ಬಂದು, ಗಂಟು ಕಾಣದಂತೆ ಮುಗಿಸುತ್ತಾಳೆ. ಪ್ರತಿ ಗೆರೆಯನ್ನೂ ಸರಿಯಾಗಿ ಎರಡು ಸಲ ದಾಟಿ ಹೊರಟಲ್ಲಿಗೇ ಬರಲು ಸಾಧ್ಯವೆ? ಬಿಡಿಯಾಗದ, ಕೂಡಿಕೊಂಡ ಚಿತ್ರವಾದರೆ ಯಾವಾಗಲೂ ಸಾಧ್ಯ. 1736ರಲ್ಲಿ ಯೂಲರ್ ಎಂಬ ಗಣಿತಜ್ಞ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿ ಶುರುಮಾಡಿದ ಶಾಸ್ತ್ರದ ಮಾತು ಇದು. ಆದರೆ ನನ್ನ ಪ್ರಶ್ನೆ ಇಷ್ಟೇ. ಯೂಲರ್‌ಗೆ ಕಾಗದ ಸಿಕ್ಕಿತು, ಪ್ರಮೇಯವಾಯಿತು. ಕಸೂತಿಯವಳಿಗೆ ಕಾಗದ ಸಿಗಲಿಲ್ಲ, ಕುಪ್ಪಸವಾಯಿತು. ಕೈಯಲ್ಲಿದ್ದ ಗಣಿತವನ್ನು ಹೊಗಳಿ ಪುಸ್ತಕದ ಗಣಿತವನ್ನು ಕಸಿದುಕೊಂಡರೆ ಅದು ಗೌರವವಲ್ಲ, ಮೋಸ.

ಈ ಮೋಸದ ಬೆಲೆ ರೂಪಾಯಿಯಲ್ಲಿ ಎಷ್ಟು ಎಂದು ಕೇಳುವಿರಾ? ಒಂದು ಲೆಕ್ಕ ಮಾಡೋಣ, ಬಳಪ ಹಿಡಿಯಿರಿ. ಹತ್ತು ಸಾವಿರ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡೇ ಬಡ್ಡಿ ಎಂದು ಸಾಲ ಕೊಡುವವರು ಮನೆಬಾಗಿಲಿಗೆ ಬಂದು ಹೇಳುತ್ತಾರೆ. 1,200 ಬಡ್ಡಿ ಕೂಡಿಸಿ 11,200ನ್ನು ಹನ್ನೆರಡು ಕಂತು ಮಾಡಿ ತಿಂಗಳಿಗೆ 933 ಕಟ್ಟಿ ಎನ್ನುತ್ತಾರೆ. ಅಗ್ಗವೆನಿಸುತ್ತದೆ. ಆದರೆ ಹತ್ತು ಸಾವಿರ ಪೂರ್ತಿ ನಿಮ್ಮ ಕೈಯಲ್ಲಿದ್ದದ್ದು ಮೊದಲ ತಿಂಗಳು ಮಾತ್ರ. ಆರು ತಿಂಗಳಿಗೆ ಅರ್ಧ ಅಸಲು ಮರಳಿಸಿದ್ದೀರಿ. ವರ್ಷದ ಸರಾಸರಿ ತೆಗೆದರೆ ನಿಮ್ಮಲ್ಲಿ ಇದ್ದದ್ದು 5,400 ಚಿಲ್ಲರೆ. ಅದಕ್ಕೆ 1,200 ಬಡ್ಡಿ ಎಂದರೆ ನೂರಕ್ಕೆ ಇಪ್ಪತ್ತೆರಡರ ಆಸುಪಾಸು. ಹನ್ನೆರಡು ಎಂದು ಹೇಳಿದ್ದು ಹೀಗೆ ಇಪ್ಪತ್ತೆರಡಾಗುತ್ತದೆ. ಇದು ಎಂಟನೆಯ ಇಯತ್ತೆಯ ಗಣಿತ. ಗೊತ್ತಿಲ್ಲದವಳು ಸಹಿ ಹಾಕುತ್ತಾಳೆ, ಅದನ್ನು ತೀರಿಸಲು ಇನ್ನೊಂದು ಕಡೆ ಸಹಿ ಹಾಕುತ್ತಾಳೆ. ಕಿರುಸಾಲದ ವಸೂಲಿಗಾರರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಊರು ಬಿಟ್ಟು ಹೋದ ಸಂಸಾರಗಳ ಸುದ್ದಿ ನೀವೂ ಓದಿದ್ದೀರಿ. ಕಾನೂನು ಬೇಕು, ನಿಜ. ಆದರೆ ಕಂತಿನ ಕಾಗದವನ್ನು ಓದಿ ಬಡ್ಡಿ ಬಿಡಿಸಬಲ್ಲ ಹೆಂಗಸು ಮನೆಯಲ್ಲಿದ್ದರೆ ಕಾನೂನು ಬರುವ ಮೊದಲೇ ಬಾಗಿಲು ಮುಚ್ಚುತ್ತಿದ್ದಳು. ಸಾಲ ಕೊಟ್ಟವರಾರೂ ಆಕೆಗೆ ಲೆಕ್ಕ ಹತ್ತುವುದಿಲ್ಲವೆಂದು ಬಡ್ಡಿ ಬಿಟ್ಟುಕೊಡಲಿಲ್ಲ.

ಎಲ್ಲರೂ ಮಂಗಳಾ ನಾರಳೀಕರ ಆಗಬೇಕೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಸುಮಾರು ನೂರು ಮಂದಿ ಮಹಿಳಾ ವಿಜ್ಞಾನಿಗಳ ಬದುಕನ್ನು ಕುರಿತು ತಂದ ಇಂಗ್ಲಿಷ್ ಪುಸ್ತಕಕ್ಕೆ ‘ಲೀಲಾವತಿಯ ಹೆಣ್ಣುಮಕ್ಕಳು’ ಎಂಬ ಅರ್ಥದ ಹೆಸರಿಟ್ಟಿತು. ಮದುವೆ ನಿಂತವಳೆಂದು ಕನಿಕರಕ್ಕೆ ಗುರಿಯಾದವಳಿಗೆ ನೂರು ಹೆಣ್ಣುಮಕ್ಕಳು! ಈ ಹೆಸರಿಟ್ಟವರಿಗೆ ನನ್ನ ನಮಸ್ಕಾರ. ಆ ನೂರರಾಚೆ ಲಕ್ಷಾಂತರ ಹುಡುಗಿಯರಿದ್ದಾರೆ, ಅವರಿಗೆ ಬೇಕಾದದ್ದು ಚಿನ್ನದ ಪದಕವಲ್ಲ. ಮನೆಯಲ್ಲಿ ಒಂದು ಗಂಟೆ ಬಿಡುವು, ಕೂರಲು ಜಾಗ, ಬಾರದಿದ್ದರೆ ಮತ್ತೊಮ್ಮೆ ಹೇಳಿಕೊಡುವವರು, ಮತ್ತು ನಿನಗೆ ಬರುತ್ತದೆ ಎನ್ನುವ ಒಂದು ಬಾಯಿ.

ಆದ್ದರಿಂದ ಸೋದರಿಯರೇ, ನಿಮ್ಮಲ್ಲಿ ಮೂರು ಕೇಳುತ್ತೇನೆ. ನನಗೂ ಬರುತ್ತಿರಲಿಲ್ಲ ಎಂಬ ಮಾತನ್ನು ಮಗಳ ಎದುರು ಆಡಬೇಡಿ. ನಿಮಗೆ ಬಾರದಿದ್ದರೆ ಅದು ನಿಮಗೆ ಕಲಿಸದೆ ಬಿಟ್ಟವರ ಲೋಪ, ಮಗಳು ಅದರ ವಾರಸುದಾರಳಲ್ಲ. ಎರಡನೆಯದು, ಚೀಟಿಯ ಲೆಕ್ಕ, ಸಂಘದ ಸಾಲ, ಬಂಗಾರದ ಮಜೂರಿ, ಬ್ಯಾಂಕಿನ ಕಾಗದ, ಇವನ್ನೆಲ್ಲ ಮಗನ ಕೈಗೆ ಕೊಡುವ ಬದಲು ಮಗಳ ಕೈಗೆ ಕೊಡಿ, ತಪ್ಪಲಿ, ತಿದ್ದಿಕೊಳ್ಳಲಿ. ಮೂರನೆಯದು, ಗಣಿತದಲ್ಲಿ ನಪಾಸಾದಳೆಂದು ಶಾಲೆ ಬಿಡಿಸಿ ಗಂಡು ಹುಡುಕಲು ಹೊರಡಬೇಡಿ. ಎಸ್.ಎಸ್.ಎಲ್.ಸಿ.ಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಮೊದಲನೆಯದರಲ್ಲಿ ಆಗದವಳಿಗೆ ಎರಡನೆಯದಿದೆ. ಅರ್ಜಿ ತುಂಬಿಸಿ, ಎರಡು ತಿಂಗಳು ಮನೆಗೆಲಸದಿಂದ ಬಿಡುಗಡೆ ಕೊಡಿ, ಹೇಳಿಕೊಡುವವರನ್ನು ಹುಡುಕಿ. ನಮ್ಮ ಊರಿನಲ್ಲಾದರೆ ಸಂಜೆ ಐದರ ಮೇಲೆ ನನ್ನ ಮನೆಯ ಕಟ್ಟೆಗೆ ಕಳಿಸಿ. ಗಣಿತ ನನ್ನ ವಿಷಯವಲ್ಲದಿದ್ದರೂ ನವಿಲು ಹಾವಿನ ಲೆಕ್ಕದಿಂದ ಶುರುಮಾಡಿಕೊಡುವಷ್ಟು ಬರುತ್ತದೆ. ಮುಂದಿನದನ್ನು ಅವರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.